ಕಾಲುವೆಯಲ್ಲಿ ಬೆಳೆದ ಈಜುಗಾರರು

ನೀರಿಗಿಳಿಯದೆ ಈಜು ಬಾರದೆಂಬುದು ಹಿರಿಯರ ಮಾತು. ಆದರೆ ಈಜು ಕಲಿಸುವುದಕ್ಕೆ? ಹವಾಯಿ ದ್ವೀಪಗಳ ಶಾಲಾ ಉಪಾಧ್ಯಾಯರೊಬ್ಬರ ಜೀವನವನ್ನು ಬಲ್ಲವರು ಈ ಪ್ರಶ್ನೆಗೆ ಉತ್ತರ ಹೇಳಲು ತುಸು ತಡವರಿಸಿಯಾರು. ಸೊಯಿಚಿ ಸಕಾಮೊಟೊ ಎಂಬ ಈ ಮಹನೀಯರು ಹೇಳಿಕೊಳ್ಳುವಂಥ ಈಜುಗಾರರೇ ಆಗಿರಲಿಲ್ಲ. ಆದರೂ ಅವರ ಶಿಷ್ಯರು ಜಗತ್ತಿನ ದಾಖಲೆಗಳನ್ನು ಮುರಿದರು, ಒಲಿಂಪಿಕ್ ಸ್ವರ್ಣಪದಕಗಳನ್ನು ಧರಿಸಿದರು.

ಸಕಾಮೊಟೊ ಹುಟ್ಟಿದುದು 1906ರಲ್ಲಿ, ಮೌಯಿ ದ್ವೀಪದಲ್ಲಿ. ಕಣ್ಣು ಹಾಯಿಸಿದತ್ತ ಕಬ್ಬಿನ ಗದ್ದೆ. ನಡುವೆ ಪೂನೆನೆ ಎಂಬ ಊರು, ಅಲ್ಲಿ ಸಕ್ಕರೆಯ ಕಾರ್ಖಾನೆ. ಜಪಾನು, ಫಿಲಿಪ್ಪೈನ್ಸ್, ಪೋರ್ಚುಗಲ್ ಮುಂತಾದ ದೇಶಗಳಿಂದ ಕೂಲಿಗಾಗಿ ಕಡಲು ದಾಟಿ ಬಂದವರ ಸಂಸಾರಗಳು ಅಲ್ಲಿನ ಬಿಡಾರಗಳಲ್ಲಿ ವಾಸವಾಗಿದ್ದವು. ಆ ಮಕ್ಕಳಿಗೆ ಪಾಠ ಹೇಳುವುದು ಸಕಾಮೊಟೊರ ಉದ್ಯೋಗ.

ಮೌಯಿಯ ಪೂರ್ವದ ಬೆಟ್ಟಗಳಲ್ಲಿ ಧಾರಾಕಾರವಾಗಿ ಮಳೆ ಸುರಿಯುತ್ತದೆ; ನಡುವಣ ಬಯಲು ಒಣನೆಲ. ಬೆಟ್ಟದ ನೀರನ್ನು ಕಬ್ಬಿಗೆ ಉಣಿಸಲು ಬಯಲಿನ ತುಂಬ ಕಾಲುವೆಗಳನ್ನು ತೋಡಿದ್ದರು. ಬಿಸಿಲಿನಲ್ಲಿ ಬೆಂದ ಹುಡುಗರು ಮೈಮೇಲೆ ಒಂದು ನೂಲೂ ಇಲ್ಲದೆ ಆ ನೀರಿಗೆ ಧುಮುಕುವರು. ತೋಟದ ಕಾವಲುಗಾರರು ಅಟ್ಟಿಸಿಕೊಂಡು ಬರುವರು. ಹುಡುಗರು ಬಟ್ಟೆಗಳನ್ನು ಬಾಚಿಕೊಂಡು ಕಬ್ಬಿನೊಳಗೆ ಮಾಯವಾಗುವರು. ಎಲ್ಲ ಊರಿನ ಹುಡುಗರ ಕಥೆಯೂ ಇದೇ ಅಲ್ಲವೆ? ಆದರೆ ಇಲ್ಲಿ ಒಬ್ಬ ಮೇಷ್ಟರು ನಡುವೆ ಬಂದರು. ಮಕ್ಕಳು ಈಜುವಾಗ ತಾವೇ ಹತ್ತಿರವಿದ್ದು ನೋಡಿಕೊಳ್ಳುವುದಾಗಿ ಮಾತು ಕೊಟ್ಟು, ತೋಟದವರಿಂದ ಅನುಮತಿ ಪಡೆದರು.

ದಡದ ಮೇಲೆ ಕಾವಲು ನಿಂತವರು ಸುಮ್ಮನೆ ನಿಲ್ಲಲಿಲ್ಲ. ಹುಡುಗರು ಈಜುವುದನ್ನು ನೋಡುತ್ತ ನೋಡುತ್ತ ಅವರಿಗೊಂದು ಹೊಳಹು ಹೊಳೆಯಿತು. ಕೊಳದ ನೀರು ನಿಂತ ನೀರು. ಅದರಲ್ಲಿ ಮೈಗಳ್ಳನು ಕೈಕಾಲು ಬಿಟ್ಟರೂ ಇದ್ದಲ್ಲೇ ತೇಲಿಕೊಂಡಿರುತ್ತಾನೆ. ಕಾಲುವೆಯ ನೀರಿಗೆ ಸೆಳೆತವುಂಟು. ಪ್ರವಾಹಕ್ಕೆದುರಾಗಿ ಈಜುವವನು ಒಂದು ಕ್ಷಣ ಸಡಿಲಬಿಟ್ಟರೆ ಹಿಂದಕ್ಕೆ ಸರಿಯುತ್ತಾನೆ. ಇದ್ದಲ್ಲಿ ಇರಬೇಕಾದರೂ ದುಡಿಯಲೇಬೇಕು. ಪೈಸೆ ಖರ್ಚಿಲ್ಲದೆ ದೊರೆತ ವ್ಯಾಯಾಮಶಾಲೆ ಅದು! ಮೊದಲು ಹುಡುಗರನ್ನು ಸೆಳೆತಕ್ಕೆ ಎದುರಾಗಿ ಈಜಿಸಿ, ಅನಂತರ ಅದರ ಜೊತೆಯಲ್ಲಿಯೇ ಕೆಳಕ್ಕೆ ಬಿಡುವರು. ಏರಿನಲ್ಲಿ ತೋಳಿಗೆ ಕಸುವು, ಇಳುವಿನಲ್ಲಿ ಮೈಗೆ ವೇಗದ ರುಚಿ. ಗುರುವಿಗೆ ಗುರುವಿರಲಿಲ್ಲ. ತಾವು ಹೇಳಿದ್ದನ್ನು ನೀರಿಗಿಳಿದು ಮಾಡಿ ತೋರಿಸಲಾರದವರಾದುದರಿಂದಲೇ ಅವರ ಕಣ್ಣು ಅಷ್ಟು ಸೂಕ್ಷ್ಮವಾಯಿತೇನೋ.

1936ರಲ್ಲಿ, 1940ರ ಒಲಿಂಪಿಕ್ ಕ್ರೀಡೆಗಳು ಟೋಕಿಯೋದಲ್ಲಿ ಜರುಗುವುವೆಂದು ನಿಶ್ಚಯವಾಯಿತು. ಮರುವರ್ಷ ಸಕಾಮೊಟೊ ಒಂದು ಸಂಘವನ್ನು ಕಟ್ಟಿದರು. ಅದರ ಹೆಸರು ‘ತ್ರೀ ಇಯರ್ ಸ್ವಿಮ್ ಕ್ಲಬ್’. ಮೂರು ವರ್ಷ ದುಡಿಯುವುದು, ಟೋಕಿಯೋದಲ್ಲಿ ಅಮೆರಿಕದ ಪರವಾಗಿ ಈಜುವುದು: ಇದು ಸಂಕಲ್ಪ. ತಂದೆತಾಯಿಗಳು ಕೂಲಿಗಾಗಿ ಬಿಟ್ಟುಬಂದ ದೇಶಕ್ಕೆ ಮಕ್ಕಳು ಪದಕಕ್ಕಾಗಿ ಹೋಗಬೇಕು! ಬಿಡಾರದ ಬಡ ಮಕ್ಕಳ ಬಾಯಲ್ಲಿ ಇಂಥ ಮಾತು ಕೇಳಿ ನಕ್ಕವರೂ ಇದ್ದಿರಬಹುದು.

ನಗು ಬಹುಕಾಲ ಉಳಿಯುವಂತಿರಲಿಲ್ಲ. 1939ರಲ್ಲಿ ಈ ಹುಡುಗರು ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ತಂಡದ ಪ್ರಶಸ್ತಿಯನ್ನು ಗೆದ್ದರು. 1940ರಲ್ಲಿ ಮತ್ತೆ, 1941ರಲ್ಲಿ ಮತ್ತೊಮ್ಮೆ. ಕಿಯೊ ನಕಾಮಾ, ಹ್ಯಾಲೊ ಹಿರೋಸೆ ಎಂಬ ಹೆಸರುಗಳು ಪತ್ರಿಕೆಗಳಲ್ಲಿ ಮೆರೆದವು. ಬಾಲ್ಯದಲ್ಲಿ ವಿಷಮಶೀತಜ್ವರದಿಂದ ಸೊರಗಿದ್ದ ಬಿಲ್ ಸ್ಮಿತ್ ಎಂಬ ಹೊನೊಲುಲುವಿನ ಹುಡುಗನು ಈ ಗುರುವನ್ನು ಹುಡುಕಿಕೊಂಡು ಮೌಯಿಗೆ ಬಂದು ಸೇರಿದನು.

ಆದರೆ ಮೂರು ವರ್ಷಗಳ ಲೆಕ್ಕವನ್ನು ಬೇರೆಯವರು ಕೆಡಿಸಿದ್ದರು. ಚೀನದಲ್ಲಿ ಯುದ್ಧಕ್ಕಿಳಿದ ಜಪಾನು 1938ರಲ್ಲಿ ಕ್ರೀಡೆಗಳನ್ನು ಕೈಬಿಟ್ಟಿತು. ಹೆಲ್ಸಿಂಕಿಯಲ್ಲಿ ನಡೆಸುವುದೆಂದಾಯಿತು, ಯೂರೋಪು ಹೊತ್ತಿಕೊಂಡಿತು, ಅದೂ ರದ್ದಾಯಿತು. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳನ್ನು ಸುರಿಸಿದವು. ಅಂದಿನಿಂದ ಹವಾಯಿಯಲ್ಲಿ ಜಪಾನೀ ಹೆಸರಿನವರೆಲ್ಲ ಸಂಶಯಕ್ಕೆ ಗುರಿಯಾದರು. ಹಿರೋಸೆ ಈಜುಡುಪನ್ನು ಕಳಚಿ ಸೈನಿಕನ ಉಡುಪನ್ನು ತೊಟ್ಟು, ಜಪಾನೀ ಮೂಲದ ಅಮೆರಿಕನ್ನರೇ ತುಂಬಿದ್ದ 442ನೆಯ ರೆಜಿಮೆಂಟಿನೊಡನೆ ಯೂರೋಪಿನ ರಣರಂಗಕ್ಕೆ ಹೋದನು. 1944ರ ಕ್ರೀಡೆಗಳೂ ನಡೆಯಲಿಲ್ಲ. ಈಜುಗಾರನ ಯೌವನ ಎಷ್ಟು ದಿನದ್ದು? ನಕಾಮಾ ಮತ್ತು ಹಿರೋಸೆಯರ ಪಾಲಿಗೆ ಒಲಿಂಪಿಕ್ ಬರಲೇ ಇಲ್ಲ.

ಸ್ಮಿತ್ ಕಿರಿಯನಾದುದರಿಂದ ಉಳಿದನು. 1948ರಲ್ಲಿ, ಲಂಡನ್ನಿನಲ್ಲಿ, 400 ಮೀಟರ್ ಸ್ವತಂತ್ರ ಶೈಲಿಯ ಈಜಿನಲ್ಲಿ 4 ನಿಮಿಷ 41 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಒಲಿಂಪಿಕ್ ದಾಖಲೆಯೊಡನೆ ಚಿನ್ನವನ್ನು ಗೆದ್ದನು. ನಾಲ್ವರ ರಿಲೇಯಲ್ಲಿ ಎರಡನೆಯ ಚಿನ್ನ. ಮೂರು ವರ್ಷದ ಸಂಕಲ್ಪ ಈಡೇರಲು ಹನ್ನೊಂದು ವರ್ಷ ಹಿಡಿದಿತ್ತು.

ಅಷ್ಟರಲ್ಲಿ ಸಕಾಮೊಟೊ ಹವಾಯಿ ವಿಶ್ವವಿದ್ಯಾನಿಲಯದ ಈಜು ಶಿಕ್ಷಕರಾಗಿದ್ದರು. ಅವರ ಶಿಷ್ಯೆ ಎವೆಲಿನ್ ಕವಾಮೊಟೊ 1952ರಲ್ಲಿ ಹೆಲ್ಸಿಂಕಿಯಿಂದ ಎರಡು ಕಂಚಿನ ಪದಕಗಳನ್ನು ತಂದಳು. ಗುರುಗಳು 1997ರಲ್ಲಿ ತೀರಿಕೊಂಡರು. ಪೂನೆನೆಯ ಸಕ್ಕರೆ ಕಾರ್ಖಾನೆ 2016ರಲ್ಲಿ ಕಡೆಯ ಕಬ್ಬನ್ನು ಅರೆದು ಬಾಗಿಲು ಮುಚ್ಚಿತು.

ಒಲಿಂಪಿಕ್ ತಪ್ಪಿಹೋದ ನಕಾಮಾ ಏನಾದನು? ನಲವತ್ತು ದಾಟಿದ ಮೇಲೆ, 1961ರ ಸೆಪ್ಟೆಂಬರಿನಲ್ಲಿ, ಒಂದು ದಿನ ಮೊಲೊಕೈ ದ್ವೀಪದ ದಡದಿಂದ ಕಡಲಿಗಿಳಿದನು. ಎದುರಿಗೆ ಓಆಹು ದ್ವೀಪ. ನಡುವೆ 27 ಮೈಲಿಗಳ ಕೈವಿ ಕಾಲುವೆ, ಅಲೆಗಳಿಗೂ ಸೆಳೆತಕ್ಕೂ ಹೆಸರಾದ ನೀರು. ಅದುವರೆಗೆ ಯಾರೂ ಅದನ್ನು ಈಜಿ ದಾಟಿರಲಿಲ್ಲ. ಹದಿನೈದೂವರೆ ಗಂಟೆಗಳ ತರುವಾಯ ಅವನ ಕಾಲು ಓಆಹುವಿನ ಮರಳನ್ನು ಮುಟ್ಟಿತು.