ಬೋರಲಾಗಿ ಮಲಗಿದ ಹರಿಗೋಲು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಮೇ ತಿಂಗಳ ಕೊನೆಯಲ್ಲಿ ಅಲ್ಲಿಯ ಹೊಳೆದಂಡೆಗೆ ಹೋದ ವಾಚಕರಿಗೆ ಬಂಡೆಗಳ ನಡುವೆ ಸಣ್ಣಗೆ ಹರಿಯುವ ತುಂಗಭದ್ರೆಯೂ, ದಡದ ಮೇಲೆ ಆಮೆಯ ಚಿಪ್ಪಿನಂತೆ ಬೋರಲಾಗಿ ಮಲಗಿರುವ ಹರಿಗೋಲೂ ಕಾಣಸಿಗುವುದುಂಟು. ಈ ನಿದ್ದೆಯನ್ನು ನಂಬುವಂತಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಹರಿಹರದಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುವುದು. ಆದುದರಿಂದ ರೋಹಿಣಿ ಮಳೆಯೊಳಗೇ ಹರಿಗೋಲನ್ನು ಸಜ್ಜುಗೊಳಿಸಬೇಕು.

ಶೀತದೇಶಗಳಲ್ಲಿ ವಾಟರ್ ಸ್ಕೂಟರ್ ಇಟ್ಟುಕೊಂಡವರಿಗೂ ಇಂಥದೇ ಕಾಟ. ಅಲ್ಲಿಯ ಶತ್ರು ಹಿಮ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ, ಎಂಜಿನ್ನಿನೊಳಗೆ ಉಳಿದ ನೀರು ಲೋಹವನ್ನೇ ಸೀಳಬಲ್ಲದು. ನಮ್ಮಲ್ಲಿ ಆ ಕೆಲಸವನ್ನು ಬಿಸಿಲು ಮಾಡುತ್ತದೆ.

ಹರಿಗೋಲು ಹಳೆಯ ವಾಹನ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಇದೇ ಹೊಳೆಯನ್ನು ಆನೆಗೊಂದಿಯ ಬಳಿ ದಾಟಿಸುತ್ತಿದ್ದ ಬುಟ್ಟಿಯಂಥ ದೋಣಿಗಳನ್ನು ವರ್ಣಿಸಿದ್ದಾನೆ. ಅವಕ್ಕೆ ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದುವಂತೆ. ಹರಿಹರದಲ್ಲಿ 1868ರಲ್ಲಿಯೇ ಸೇತುವೆಯಾಯಿತು. ತೊಗಲಿನ ಬದಲು ಈಗ ಪ್ಲಾಸ್ಟಿಕ್ ಹಾಳೆಯೋ ಚೀಲವೋ, ಅದರ ಮೇಲೆ ಡಾಂಬರು. ಒಳಗಿನ ಬಿದಿರು ಮಾತ್ರ ಬದಲಾಗಿಲ್ಲ.

ಆ ಬಿದಿರೇ ಮೊದಲು ಕೆಡುವುದು. ಒಣಗುವ ಬಿದಿರಿನ ದಬ್ಬೆ ಉದ್ದದಲ್ಲಿ ಅಷ್ಟೇನೂ ಕುಗ್ಗದು; ಅಗಲ, ದಪ್ಪಗಳಲ್ಲಿ ಕುಗ್ಗುವುದು. ಹೀಗಾಗಿ ಬುಟ್ಟಿಯ ಆಕಾರ ಹಾಗೆಯೇ ಇದ್ದರೂ ಹೆಣಿಗೆಯ ಕಟ್ಟುಗಳು ಸಡಿಲವಾಗುವುವು. ಒಣ ದಬ್ಬೆ ಬಾಗುವ ಮೊದಲೇ ಮುರಿಯುವುದು. ಇದಕ್ಕೆ ಮದ್ದು ನೀರೇ. ಆದರೆ ಬಿದಿರಿಗೆ ತೇವ ಬೇಕು, ಡಾಂಬರು ಅಂಟಲು ಒಣ ಮೈ ಬೇಕು! ಆದುದರಿಂದ ಒಳಗೆ ನೀರು ಚಿಮುಕಿಸಿ, ಕಟ್ಟು ಬಿಗಿದು, ಹೊರಮೈ ಆರಿದ ಬಳಿಕವೇ ಡಾಂಬರಿನ ಸರದಿ.

ತೂತು ಹುಡುಕುವ ಒಂದು ಉಪಾಯವನ್ನು ನಾವು ಕಲಿತದ್ದು ಹರಿಹರದ ಅಂಬಿಗರೊಬ್ಬರಿಂದ. ನಡುಹಗಲಿನಲ್ಲಿ ಅವರು ಬೋರಲಾದ ಹರಿಗೋಲಿನ ಅಡಿಯಲ್ಲಿ ನುಸುಳಿದರು, ನಾವೂ ನುಸುಳಿದೆವು. ಕತ್ತಲಲ್ಲಿ ಅಲ್ಲಲ್ಲಿ ನಕ್ಷತ್ರಗಳು! ನೆಲದ ಮೇಲೆ ದುಂಡನೆಯ ಬೆಳಕಿನ ಬೊಟ್ಟುಗಳು. ತೂತುಗಳು ಅಂಕುಡೊಂಕಾಗಿದ್ದರೂ ಬೊಟ್ಟುಗಳು ದುಂಡಗಿರುವುದೇಕೆ? ಅವು ಸೂರ್ಯನ ಬಿಂಬಗಳು; ಸೂಜಿರಂಧ್ರ ಕ್ಯಾಮೆರಾದ ತತ್ತ್ವವೇ ಇಲ್ಲಿಯೂ. ಸೂರ್ಯನ ಕೋನವ್ಯಾಸ ಸುಮಾರು ಅರ್ಧ ಡಿಗ್ರಿಯಾದುದರಿಂದ, 70 ಸೆಂಟಿಮೀಟರ್ ದೂರದಲ್ಲಿ ಬಿಂಬದ ಅಗಲ 6 ಮಿಲಿಮೀಟರಿನಷ್ಟಾಗುವುದು. ಬೊಟ್ಟನ್ನು ಅಳೆದು ತೂತಿನ ಗಾತ್ರ ಹೇಳಹೊರಟವರು ಮೋಸಹೋಗುವರು. ನಾವೂ ಹೋದೆವು.

ಆದರೆ ಬೆಳಕಿಗೆ ಕಾಣದ ಬಿರುಕುಗಳೇ ಹೆಚ್ಚು ಅಪಾಯದವು. ಡಾಂಬರು ವಿಚಿತ್ರ ವಸ್ತು. ಅದರ ನೆಂಟನಾದ ಪಿಚ್ ಎಂಬುದನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುವುದು. ಆದರೂ ಅದು ದ್ರವ! ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಆಲಿಕೆಯೊಂದಕ್ಕೆ ಪಿಚ್ ತುಂಬಿಟ್ಟರು. ಮೊದಲ ಹನಿ ಬಿದ್ದದ್ದು 1938ರಲ್ಲಿ, ಒಂಬತ್ತನೆಯದು 2014ರಲ್ಲಿ. ನಿಧಾನವಾಗಿ ಎಳೆದರೆ ಹರಿಯುವುದು, ಥಟ್ಟನೆ ಎಳೆದರೆ ಸಿಡಿಯುವುದು. ಬಿಸಿಲಿಗೆ ಗಡುಸಾದ ಡಾಂಬರಿನ ಪದರ ಹಾಗೆಯೇ. ಜನರು ಹತ್ತಿ ದಬ್ಬೆಗಳು ಬಾಗಿದೊಡನೆ ಬಿರಿಯುವುದು. ಬೋರಲಾಗಿರುವಾಗ ಬಾಯಿ ಮುಚ್ಚಿಕೊಂಡಿದ್ದ ಬಿರುಕು ಭಾರ ಬಿದ್ದಾಗ ಬಾಯಿ ತೆರೆಯುವುದು.

ಆದುದರಿಂದ ಬರಿದಾದ ಹರಿಗೋಲು ತೇಲಿತೆಂದು ಹಿಗ್ಗಬಾರದು. ತಳದ ವ್ಯಾಸ 2 ಮೀಟರೆಂದು ಹಿಡಿದರೆ ವಿಸ್ತೀರ್ಣ 3.14 ಚದರ ಮೀಟರು. ಆರ್ಕಿಮಿಡೀಸನ ಲೆಕ್ಕದಂತೆ ಒಂದು ಸೆಂಟಿಮೀಟರ್ ಮುಳುಗಲು 31 ಕಿಲೋಗ್ರಾಮ್ ಸಾಕು. ಒಬ್ಬ ಮನುಷ್ಯನಿಗೆ ಎರಡು ಸೆಂಟಿಮೀಟರು. ಎಂಟು ಜನ ಕುಳಿತರೆ ತಳ 16 ಸೆಂಟಿಮೀಟರ್ ಹೆಚ್ಚು ಆಳಕ್ಕಿಳಿಯುವುದು. ಒತ್ತಡವೂ ಅದಕ್ಕೆ ತಕ್ಕಂತೆ ಏರುವುದು. 15 ಸೆಂಟಿಮೀಟರ್ ಆಳದಲ್ಲಿ 5 ಮಿಲಿಮೀಟರ್ ತೂತೊಂದಿದ್ದರೆ ಮಿನಿಟಿಗೆ ಒಂದು ಲೀಟರಿಗೂ ಮಿಕ್ಕಿ ನೀರು ಒಳನುಗ್ಗುವುದು. ಇಪ್ಪತ್ತು ಮಿನಿಟಿಗೆ ಎರಡು ಕೊಡದಷ್ಟು.

ಎರಡು ಕೊಡ ನೀರಿಗೆ ಹರಿಗೋಲು ಮುಳುಗೀತೆ? ಭಾರದಿಂದ ಮುಳುಗದು. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಒಮ್ಮೆ ನಡುಹೊಳೆಯಲ್ಲಿ ಪಾದಕ್ಕೆ ನೀರು ತಾಕಿತು. ನಾವು ನಾಲ್ವರೂ ಒಣಗಿದ್ದ ಕಡೆಗೆ ಸರಿದೆವು. ಆ ಕಡೆ ತಗ್ಗಿತು. ಒಳಗಿದ್ದ ನೀರೆಲ್ಲ ನಮ್ಮ ಹಿಂದೆಯೇ ಓಡಿಬಂತು, ಇನ್ನಷ್ಟು ತಗ್ಗಿತು. ಅಂಚು ಹೊಳೆಯ ಮಟ್ಟಕ್ಕೆ ನಾಲ್ಕು ಬೆರಳು ಮಾತ್ರ ಉಳಿದಿತ್ತು. “ಏಳಬ್ಯಾಡ್ರಿ, ಇದ್ದಲ್ಲೇ ಕುಂದರ್ರಿ!” ಎಂದು ಅಂಬಿಗ ಕೂಗಿ, ಹುಟ್ಟನ್ನು ಕೆಳಗಿಟ್ಟು ತಾನು ಎದುರು ಬದಿಗೆ ಜಿಗಿದು ಕುಳಿತ. ಮನುಷ್ಯ ಕುಳಿತಲ್ಲಿ ಕೂರಬಲ್ಲ, ನೀರು ಕೂರದು. ಹಡಗುಗಳನ್ನು ಕಟ್ಟುವವರು ತಳದ ಕೋಣೆಗಳಿಗೆ ಅಡ್ಡಗೋಡೆಗಳನ್ನಿಡುವುದು ಒಳನೀರಿನ ಈ ಓಟವನ್ನು ತಡೆಯುವುದಕ್ಕೂ ಹೌದು.

ಹರಿಹರದ ಆ ಅಂಬಿಗರು ಡಾಂಬರು ಆರಿದ ಮೂರನೆಯ ದಿನ ಹರಿಗೋಲನ್ನು ಮೊಳಕಾಲುದ್ದದ ನೀರಿಗೆ ತಂದು, ಮರಳಿನ ಚೀಲಗಳನ್ನು ಒಂದೊಂದಾಗಿ ತುಂಬಿದರು. ಎಂಟನೆಯ ಚೀಲಕ್ಕೆ ಹೆಣಿಗೆಯ ನಡುವೆ ಒಂದೆಡೆ ತೇವ ಮಿಣುಕಿತು. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಚೀಲಗಳನ್ನು ಇಳಿಸಿ, ಹರಿಗೋಲನ್ನು ಮತ್ತೆ ಬೋರಲು ಹಾಕಿದರು. ಡಾಂಬರಿನ ಡಬ್ಬಿ ಒಲೆಗೇರಿತು.