ಹೊಳಪು ಎಂದರೆ ಕಳೆಯುವ ಲೆಕ್ಕ

ಟಿ. ನಗರದಲ್ಲಿ ಕಾರಿನ ಮೈ ಹೇಗಿದೆ ಎಂದು ನೋಡಬೇಕಾದರೆ ಸಂಜೆ ಏಳರ ಮೇಲೆ ಉಸ್ಮಾನ್ ರಸ್ತೆಗೆ ಬರಬೇಕು. ಚಿನ್ನದ ಅಂಗಡಿಯವರು ದೀಪ ಹಾಕಿರುವುದು ಒಡವೆಗಳಿಗಾಗಿ. ಆದರೆ ಆ ಬೆಳಕು ಎದುರಿಗೆ ಟ್ರಾಫಿಕ್‌ನಲ್ಲಿ ನಿಂತ ಕಾರುಗಳನ್ನೂ ಬಿಡುವುದಿಲ್ಲ. ಬೆಳಗ್ಗೆ ಕನ್ನಡಿಯಂತೆ ಕಂಡ ಬಾನೆಟ್ಟಿನ ಮೇಲೆ, ಒಂದೊಂದು ದೀಪದ ಪ್ರತಿಬಿಂಬದ ಸುತ್ತಲೂ ಜೇಡ ಬಲೆ ಕಟ್ಟಿದ ಹಾಗೆ ನೂರಾರು ಸಣ್ಣ ಗೆರೆಗಳು ಎದ್ದು ಬರುತ್ತವೆ. ಇವುಗಳಿಗೆ ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ತಮಾಷೆಯೆಂದರೆ ಗೆರೆಗಳು ದುಂಡಗೆ ಇರುವುದೇ ಇಲ್ಲ. ಎಲ್ಲ ದಿಕ್ಕಿಗೂ ಎಳೆದಂತೆ ಹರಡಿರುತ್ತವೆ, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ನಮ್ಮ ಕಣ್ಣಿಗೆ ವೃತ್ತ ಕಾಣುತ್ತದೆ. ತಲೆ ಸ್ವಲ್ಪ ಸರಿಸಿ ನೋಡಿ, ವೃತ್ತವೂ ಜೊತೆಗೇ ಸರಿಯುತ್ತದೆ.

ನನ್ನದು ಕೆಂಪು ಬಣ್ಣದ ಸ್ಯಾನ್ ಸ್ಟಾರ್ಮ್, ಸೆಕೆಂಡ್ ಹ್ಯಾಂಡ್. ಈ ಹೆಸರನ್ನೇ ಕೇಳದವರು ಬಹಳ ಮಂದಿ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಗೋವಾದಲ್ಲಿ ತಯಾರಿಸುತ್ತಿದ್ದ ಎರಡೇ ಸೀಟಿನ, ಟಾಪ್ ತೆಗೆದು ಓಡಿಸಬಹುದಾದ ಪುಟ್ಟ ಕಾರು. ಒಳಗಿರುವುದು ರೆನೋ ಕಂಪನಿಯ 1149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಇವತ್ತಿನ ಯಾವುದೇ ಸಾಧಾರಣ ಹ್ಯಾಚ್‌ಬ್ಯಾಕ್ ಇದನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಸ್ಪೋರ್ಟ್ಸ್ ಕಾರು ಎನ್ನುವುದು ಆಕಾರದ ಮಟ್ಟಿಗೆ ಸತ್ಯ. ಮನೆಯವಳು ಇದನ್ನು ‘ನಿಮ್ಮ ಆಟದ ಸಾಮಾನು’ ಎನ್ನುತ್ತಾಳೆ, ಅದೂ ಸತ್ಯವೇ. ತಯಾರಿ ನಿಂತು ವರ್ಷಗಳಾದವು. ಒಂದು ಬಾಗಿಲೋ ಬಾನೆಟ್ಟೋ ಕೆಟ್ಟರೆ ಶೋರೂಮಿಗೆ ಹೋಗಿ ತರುವ ಮಾತಿಲ್ಲ. ಜೊತೆಗೆ ಇದರ ಮೈ ಉಕ್ಕಿನದಲ್ಲ, ಫೈಬರ್‌ಗ್ಲಾಸ್. ಪಾಲಿಶ್ ವಿಷಯ ಬಂದಾಗ ನಾನು ಯೋಚನೆಗೆ ಬಿದ್ದದ್ದು ಈ ಎರಡು ಕಾರಣಕ್ಕೆ.

ಪಾಲಿಶ್ ಎಂದರೆ ಕಾರಿಗೆ ಏನನ್ನೋ ಹಚ್ಚುವುದು ಎಂದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ನಿಜದಲ್ಲಿ ಅದು ತೆಗೆಯುವ ಕೆಲಸ. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ ಪದರ ಪದರವಾಗಿರುತ್ತದೆ. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಲೆಕ್ಕ ಹಾಕಿದರೆ 40-50 ಮೈಕ್ರಾನ್, ಅಂದರೆ ಪ್ರಿಂಟರಿಗೆ ಹಾಕುವ ಒಂದು ಹಾಳೆಯ ಅರ್ಧ ದಪ್ಪ. ಸ್ವರ್ಲ್ ಗೆರೆಗಳಿರುವುದು ಇದರಲ್ಲಿ. ಅವು ಹೋಗಬೇಕಾದರೆ ಗೆರೆಯ ತಳದ ಮಟ್ಟಕ್ಕೆ ಬರುವವರೆಗೆ ಸುತ್ತಲಿನ ಪದರವನ್ನೇ ಸವೆಸಬೇಕು. ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಚೆನ್ನೈ ಬಿಸಿಲಿನ ಬಗ್ಗೆ ಇಲ್ಲಿರುವ ಓದುಗರಿಗೆ ನಾನೇನು ಹೇಳುವುದು! ವರ್ಷಕ್ಕೆರಡು ಸಲ ‘ರಬ್ಬಿಂಗ್ ಪಾಲಿಶ್’ ಹೊಡೆಸಿಕೊಂಡ ಕಾರುಗಳ ಟಾಪ್ ಮೇಲೆ ಬಿಳಿಚಿಕೊಂಡ, ಸಿಪ್ಪೆ ಏಳುತ್ತಿರುವ ಕಲೆಗಳನ್ನು ನೀವೂ ನೋಡಿರುತ್ತೀರಿ.

ಕೆಲಸಕ್ಕೆ ಬಂದ ಹುಡುಗ ನಮ್ಮ ಭಾಷೆಯವನೇ ಎಂದು ತಿಳಿದದ್ದು ಅವನ ಫೋನಿನಿಂದ. ಅಮ್ಮನ ಹತ್ತಿರ ಮಾತಾಡುತ್ತಿದ್ದ, ಅಪ್ಪಟ ಚಾಮರಾಜನಗರದ ಧಾಟಿ. ಊರು ತಾಳವಾಡಿ ಅಂದ. ಈರೋಡ್ ಜಿಲ್ಲೆಗೆ ಸೇರಿದ್ದರೂ ಮನೆಮಾತು ಕನ್ನಡವಾಗಿರುವ ಬೆಟ್ಟದ ಸೀಮೆ ಅದು. ಅಷ್ಟು ಹೊತ್ತು ನನ್ನ ಹರಕು ತಮಿಳನ್ನು ಸಹಿಸಿಕೊಂಡಿದ್ದವನು ನಕ್ಕು, ಜೇಬಿನಿಂದ ಬಣ್ಣದ ದಪ್ಪ ಅಳೆಯುವ ಮೀಟರ್ ತೆಗೆದು ಬಾನೆಟ್ಟಿಗೆ ಇಟ್ಟ. ಅಂಕಿ ಬರಲಿಲ್ಲ. ಆ ಮೀಟರ್ ಬಣ್ಣದ ಕೆಳಗಿನ ಲೋಹವನ್ನು ಹುಡುಕಿ ದೂರ ಹೇಳುವಂಥದ್ದು. ಫೈಬರಿನಲ್ಲಿ ಲೋಹವೆಲ್ಲಿ? “ಮೀಟ್ರು ಇಲ್ಲಿ ಆಗಕ್ಕಿಲ್ಲ ಸಾ, ಬಟ್ಟೇಲೇ ನೋಡ್ಬೇಕು” ಅಂದ.

ಬಟ್ಟೆಯ ಪರೀಕ್ಷೆ ಇಷ್ಟೇ. ಬಿಳಿ ಮೈಕ್ರೋಫೈಬರಿಗೆ ಒಂದು ತೊಟ್ಟು ಕಾಂಪೌಂಡ್ ಹಾಕಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಕೈಯಿಂದ ಉಜ್ಜುವುದು. ಬಟ್ಟೆಗೆ ಬಣ್ಣ ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ, ನೀವು ಉಜ್ಜುತ್ತಿರುವುದು ಅದನ್ನು. ಹತ್ತಿದರೆ ನೇರವಾಗಿ ಬಣ್ಣವನ್ನೇ ಸವೆಸುತ್ತಿದ್ದೀರಿ. ಬಾನೆಟ್, ಬಾಗಿಲುಗಳು, ಮಡ್‌ಗಾರ್ಡ್ ಎಲ್ಲ ಕಡೆ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಡಿಕ್ಕಿಯ ಮೇಲೆ ಎರಡು ಸಲ ಉಜ್ಜುವಷ್ಟರಲ್ಲಿ ಕುಂಕುಮ ಒರೆಸಿದಂತೆ ಕೆಂಪಾಯಿತು. “ಡಿಕ್ಕಿಗೆ ಬ್ಯಾರೆ ಬಣ್ಣ ಹೊಡ್ದವ್ರೆ ಸಾ.” ಹಿಂದೆ ಯಾರ ಕೈಯಲ್ಲಿದ್ದಾಗಲೋ ಎಲ್ಲಿಗೋ ತಾಗಿಸಿ ಮತ್ತೆ ಪೇಂಟ್ ಮಾಡಿಸಿದ್ದರು. ಕಾರಿನ ಕಾಗದಪತ್ರ ಹೇಳದ ಸಂಗತಿಯನ್ನು ಒಂದು ತುಂಡು ಬಟ್ಟೆ ಹೇಳಿತು.

ಆಮೇಲಿನ ಕೆಲಸ ನಿಧಾನದ್ದು. ಮೊದಲು ತೊಳೆದು, ಮೈಗೆ ಅಂಟಿಕೊಂಡ ಕಣಗಳನ್ನು ಕ್ಲೇ ಎಂಬ ಜೇಡಿಮಣ್ಣಿನಂಥ ಮುದ್ದೆಯಿಂದ ಎತ್ತಿದ. ಉಬ್ಬು ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿದ. ಅಂಚಿನಲ್ಲಿ ಬಣ್ಣ ತೆಳ್ಳಗೆ ಕೂತಿರುತ್ತದೆ, ಮೆಷಿನ್ ಕ್ಷಣದಲ್ಲಿ ಅದನ್ನು ತಿಂದುಹಾಕುತ್ತದೆ. ಮೆಷಿನ್‌ಗಳಲ್ಲಿ ಎರಡು ಬಗೆ. ರೋಟರಿ ಒಂದೇ ಸಮನೆ ಗಿರ್ರನೆ ತಿರುಗುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಬಿಸಿಯೇರಿಸುತ್ತದೆ. ಡ್ಯುಯಲ್ ಆ್ಯಕ್ಷನ್ ತಿರುಗುತ್ತಲೇ ಅತ್ತಿತ್ತ ಓಲಾಡುವುದರಿಂದ ಒಂದೇ ಜಾಗಕ್ಕೆ ಏಟು ಬೀಳುವುದಿಲ್ಲ. ಉಕ್ಕು ಬಿಸಿಯನ್ನು ಸುತ್ತಲೂ ಹಂಚಿಬಿಡುತ್ತದೆ, ಫೈಬರ್‌ಗ್ಲಾಸ್ ಹಾಗಲ್ಲ, ಬಿಸಿ ಹುಟ್ಟಿದಲ್ಲೇ ನಿಲ್ಲುತ್ತದೆ. ಅವನು ಎರಡನೆಯದನ್ನೇ ಹಿಡಿದು, ಒಂದೊಂದು ಮೊಳ ಜಾಗ ಮುಗಿದ ಮೇಲೆ ಅಂಗೈ ಇಟ್ಟು ನೋಡಿ ಮುಂದೆ ಹೋಗುತ್ತಿದ್ದ.

ಇಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಒಡವೆ ಪಾಲಿಶ್ ಮಾಡುವವರು ಸಿಗುತ್ತಾರೆ. ಅವರು ಉಜ್ಜಿದಾಗ ಉದುರುವ ಪುಡಿಯನ್ನೂ ನೆಲ ಗುಡಿಸಿ ಕೂಡಿಡುತ್ತಾರೆ. ಕಾರಿನದನ್ನು ಯಾರು ಕೂಡಿಡಬೇಕು? ಬೂದುಬಣ್ಣದ ಬಟ್ಟೆಯನ್ನು ಅವನು ಬಕೆಟ್ಟಿಗೆ ಹಾಕಿ ಹಿಂಡಿದ, ಅಷ್ಟೇ.

ಪ್ರತಿ ಭಾಗ ಮುಗಿದಾಗಲೂ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರು ಚಿಮುಕಿಸಿ ಒರೆಸುತ್ತಿದ್ದ. ಇದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು. ಕೆಲವು ಪಾಲಿಶ್‌ಗಳಲ್ಲಿರುವ ಎಣ್ಣೆ, ಫಿಲ್ಲರ್‌ಗಳು ಗೆರೆಯೊಳಗೆ ತುಂಬಿಕೊಂಡು ಅದನ್ನು ಮರೆಮಾಡುತ್ತವೆ. ಮನೆಗೆ ತರುವಾಗ ಹೊಸ ಕಾರು, ನಾಲ್ಕು ಸಲ ತೊಳೆದ ಮೇಲೆ ಹಳೆಯ ಕಥೆ. ಒರೆಸಿದ ಮೇಲೂ ಟಾರ್ಚ್ ಬೆಳಕಿನಲ್ಲಿ ಕಾಣದಿದ್ದರೆ ಮಾತ್ರ ಗೆರೆ ಹೋಗಿದೆ ಎಂದರ್ಥ. ದುಡ್ಡು ಕೊಡುವ ಮುಂಚೆ ಹೀಗೆ ಒರೆಸಿ ತೋರಿಸಲು ಹೇಳಿ. ಕೆಲಸ ಬಲ್ಲವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಡಬಾಗಿಲಿನ ಮೇಲೆ ಗೇಣುದ್ದದ ಒಂದು ಗೀರಿತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಅಂಥದ್ದು ಪಾಲಿಶ್‌ಗೆ ಪೂರ್ತಿ ಹೋಗುವುದಿಲ್ಲ. 2000 ನಂಬರಿನ ಪೇಪರ್ ಹಾಕಿ ಉಜ್ಜಿದರೆ ಹೇಗೆ ಎಂದು ಕೇಳಿದೆ. “ಬುಟ್ಬುಡಿ ಸಾ. ಇದ ತಗ್ಯಾಕೆ ಹೋದ್ರೆ ಅಡಿದು ಬಣ್ಣನೇ ಬಂದ್ಬುಡ್ತದ.” ಅದರ ಅಂಚುಗಳನ್ನಷ್ಟೇ ಮೆದುವಾಗಿಸಿದ. ಈಗ ಮೊದಲಿನಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಡಿಕ್ಕಿಗೆ ಮೆಷಿನ್ ಮುಟ್ಟಿಸದೆ, ಕೈಯಿಂದ ಮೆತ್ತಗಿನ ಪಾಲಿಶ್ ಒಮ್ಮೆ ಒರೆಸಿ ವ್ಯಾಕ್ಸ್ ಹಚ್ಚಿದ. ಹಾಗಾಗಿ ಹಿಂದಿನಿಂದ ನೋಡುವವರಿಗೆ ನನ್ನ ಕಾರು ಇನ್ನೂ ಹಳತೇ.

ಇನ್ನು ಗೆರೆಗಳು ಮತ್ತೆ ಬೀಳದಂತೆ ನೋಡಿಕೊಳ್ಳುವುದು. ಸ್ವರ್ಲ್ ಹುಟ್ಟುವುದು ರಸ್ತೆಯಲ್ಲಲ್ಲ, ಒರೆಸುವಾಗ. ಬಣ್ಣದ ಮೇಲೆ ಕೂತ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಒಣ ಬಟ್ಟೆಯಲ್ಲಿ ಎಳೆದರೆ ಅವೇ ಉಪ್ಪುಕಾಗದ. ಟಿ. ನಗರ 1920ರ ದಶಕದಲ್ಲಿ ಮಾಂಬಲಂ ಕಡೆಯ ದೊಡ್ಡ ಕೆರೆಯನ್ನು ಬತ್ತಿಸಿ ಕಟ್ಟಿದ ಬಡಾವಣೆ. ಕೆರೆಯ ಜಾಗದಲ್ಲಿ ನಿಂತ ನಮ್ಮ ಬಿಲ್ಡಿಂಗಿಗೆ ಈಗ ಬರುವುದು ಗಡಸು ಬೋರ್ ನೀರು. ಅದು ಮೈಮೇಲೆ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ಚುಕ್ಕೆ ಹೋಗಲೆಂದು ಮತ್ತಷ್ಟು ಉಜ್ಜುತ್ತಾರೆ.

ನಮ್ಮಲ್ಲಿ ಕಾರು ಒರೆಸುವವರು ಐವತ್ತು ದಾಟಿದ ಹಿರಿಯರು. ಬೆಳಗ್ಗೆ ಐದಕ್ಕೆ ಶುರುಮಾಡಿ ಏಳೂವರೆಯೊಳಗೆ ಹದಿನಾಲ್ಕು ಕಾರು, ಒಂದು ಬಕೆಟ್, ಒಂದು ಬಟ್ಟೆ. ಕಾರಿಗೆ ಸಿಗುವುದು ತಿಂಗಳಿಗೆ ಕೆಲವು ನೂರು ರೂಪಾಯಿ. ಇಷ್ಟರಲ್ಲಿ ಬಟ್ಟೆ ಜಾಲಾಡಿಸಿ ಜಾಲಾಡಿಸಿ ಒರೆಸಿ ಎನ್ನಲು ನನಗೆ ಬಾಯಿ ಬರಲಿಲ್ಲ. “ಅಣ್ಣಾ, ನನ್ನ ಕಾರನ್ನು ದಿನಾ ಒರೆಸಬೇಡಿ. ಭಾನುವಾರ ಇಬ್ಬರೂ ಸೇರಿ ಎರಡು ಬಕೆಟ್ ಇಟ್ಟುಕೊಂಡು ತೊಳೆಯೋಣ” ಅಂದೆ. ಅವರು ಮೊದಲು ಕೇಳಿದ್ದು ಸಂಬಳ ಕಡಿಮೆಯಾಗುತ್ತದಾ ಎಂದು. ಇಲ್ಲ ಅಂದೆ. ಆಮೇಲೆ ಕೇಳಿದ್ದು, ಧೂಳು ಹೊತ್ತ ಕಾರು ನೋಡಿ ಬೇರೆ ಮನೆಯವರು ತಾನು ಕೆಲಸ ಕದಿಯುತ್ತಿದ್ದೇನೆ ಅಂದುಕೊಂಡರೆ ಏನು ಮಾಡುವುದು ಎಂದು.

ಅದು ನನಗೆ ಹೊಳೆದೇ ಇರಲಿಲ್ಲ. ಅಸೋಸಿಯೇಷನ್ ಗ್ರೂಪಿನಲ್ಲಿ ನಾನೇ ಮೆಸೇಜ್ ಹಾಕಿ ವಿಷಯ ತಿಳಿಸಿದೆ. ಈಗ ವಾರಕ್ಕೆ ಆರು ದಿನ ಕೆಂಪು ಕಾರು ಧೂಳು ಹೊದ್ದು ನಿಂತಿರುತ್ತದೆ. ಮೂರನೇ ಮಹಡಿಯ ಮಾಮಾ ಮಾತ್ರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ವಿಚಾರಿಸುತ್ತಾರೆ: “ಅಷ್ಟು ದುಡ್ಡು ಕೊಟ್ಟು ಪಾಲಿಶ್ ಮಾಡಿಸಿದಿರಲ್ಲ, ಯಾವಾಗ ತೋರಿಸುತ್ತೀರಿ?”