ವಿದೇಶೀ ಅತಿಥಿಗಳ ವೀಸಾ ಮತ್ತು ಪ್ರವೇಶ ನಿಯಮಗಳು: ಆಹ್ವಾನಿಸುವವರು ತಿಳಿದಿರಬೇಕಾದ ಸಂಗತಿಗಳು

ವಿಜ್ಞಾನ ಹಾಗೂ ಕೃಷಿ ತಂತ್ರಜ್ಞಾನಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಮ್ಮೇಳನಗಳು ನಮ್ಮ ರಾಜ್ಯದಲ್ಲಿ ಆಗಿಂದಾಗ್ಗೆ ನಡೆಯುತ್ತಿವೆ. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನವು 2016ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ, 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಜರುಗಿತು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಐದನೆಯ ವಿಶ್ವ ಕಾಫಿ ಸಮ್ಮೇಳನವು 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಏಷ್ಯಾ ಖಂಡದಲ್ಲಿ ಆ ಸಮ್ಮೇಳನ ನಡೆದದ್ದು ಅದೇ ಮೊದಲು.

ಇಂತಹ ಸಮ್ಮೇಳನಕ್ಕೆ ಬರುವ ವಿದೇಶೀಯರು ಸಭಾಂಗಣದಿಂದಲೇ ಹಿಂದಿರುಗುವುದಿಲ್ಲ. ಸಕಲೇಶಪುರದ ಕಾಫಿ ತೋಟಗಳಿಗೆ ಹೊರಟವರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಿರೀಸಾವೆ, ಚನ್ನರಾಯಪಟ್ಟಣ, ಹಾಸನಗಳನ್ನು ಹಾದುಹೋಗುತ್ತಾರೆ. ಅವರಲ್ಲಿ ಕೆಲವರನ್ನು ತಮ್ಮ ಕಾಫಿ ಸಂಸ್ಕರಣಾ ಘಟಕಕ್ಕೋ ತೆಂಗಿನ ನಾರಿನ ಕಾರ್ಖಾನೆಗೋ ಕರೆತರುವ ಆಸೆ ನಮ್ಮ ಸದಸ್ಯರಿಗೆ ಇರುವುದು ಸಹಜ. ಆದರೆ ಅತಿಥಿಯ ಬಳಿ ತಕ್ಕ ವೀಸಾ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಹಿಂದಿರುಗಬೇಕಾದೀತು. ಕೈಗೆ ಬರಲಿದ್ದ ರಫ್ತು ಬೇಡಿಕೆಯೂ ಅವರೊಂದಿಗೇ ಹೋದೀತು. ಆದುದರಿಂದ ಈ ನಿಯಮಗಳನ್ನು ಸಂಕ್ಷೇಪವಾಗಿ ಇಲ್ಲಿ ವಿವರಿಸಲಾಗಿದೆ.

1. ಯಾವ ವೀಸಾ?

2014ರ ನವೆಂಬರ್ 27ರಂದು ಬೆಂಗಳೂರು ಸೇರಿದಂತೆ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರಿಗಾಗಿ ಆರಂಭವಾದ ವ್ಯವಸ್ಥೆಯೇ ಇಂದಿನ ಇ-ವೀಸಾದ ಮೂಲ. ಈಗ ಅದರಲ್ಲಿ ಹಲವು ವರ್ಗಗಳಿವೆ. ನಮಗೆ ಮುಖ್ಯವಾದವು ಮೂರು.

ಸಮ್ಮೇಳನದ ಇ-ವೀಸಾ: ಮೂವತ್ತು ದಿನಗಳ ಅವಧಿಗೆ, ಒಂದೇ ಪ್ರವೇಶಕ್ಕೆ ನೀಡಲಾಗುತ್ತದೆ. ಸಂಘಟಕರ ಆಹ್ವಾನ ಪತ್ರ ಮತ್ತು ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿಯ ಪ್ರತಿಯನ್ನು ಅರ್ಜಿಯೊಡನೆ ಸಲ್ಲಿಸಬೇಕು. ಕೆಲವು ಸಂದರ್ಭಗಳಲ್ಲಿ ಗೃಹ ಸಚಿವಾಲಯದ ಅನುಮತಿಯೂ ಬೇಕಾಗುತ್ತದೆ. ಇವುಗಳನ್ನು ಪಡೆಯುವುದು ಸಂಘಟಕರ ಹೊಣೆಯೇ ಹೊರತು ಅತಿಥಿಯದಲ್ಲ. ಸ್ವತಃ ಸಮ್ಮೇಳನ ಏರ್ಪಡಿಸುವ ಸಂಘ ಸಂಸ್ಥೆಗಳು ಇದಕ್ಕಾಗಿ ಹಲವು ತಿಂಗಳು ಮೊದಲೇ ಕಾರ್ಯಪ್ರವೃತ್ತರಾಗಬೇಕು.

ವ್ಯಾಪಾರದ ಇ-ವೀಸಾ: ಖರೀದಿ, ಮಾರಾಟ, ತಾಂತ್ರಿಕ ಹಾಗೂ ವ್ಯಾಪಾರ ಮಾತುಕತೆ, ವಸ್ತುಪ್ರದರ್ಶನ ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಇದು ಒಂದು ವರ್ಷದ ಅವಧಿಗೆ, ಹಲವು ಬಾರಿ ಪ್ರವೇಶಿಸಲು ದೊರೆಯುತ್ತದೆ.

ಪ್ರವಾಸದ ಇ-ವೀಸಾ: ವಿಹಾರ, ಕ್ಷೇತ್ರದರ್ಶನ, ಬಂಧುಮಿತ್ರರ ಭೇಟಿ ಮುಂತಾದವುಗಳಿಗಾಗಿ ಇರುವಂಥದು. ಸಮ್ಮೇಳನಕ್ಕಾಗಲಿ ವ್ಯಾಪಾರಕ್ಕಾಗಲಿ ಇದನ್ನು ಬಳಸಲಾಗದು.

ಉದಾಹರಣೆಗೆ, ಹಿರೀಸಾವೆಯ ನಾರು ತಯಾರಕರೊಬ್ಬರು ಸಮ್ಮೇಳನದ ಪ್ರತಿನಿಧಿಯೊಬ್ಬರನ್ನು ಕಾರ್ಖಾನೆಗೆ ಕರೆದು, ದರ ನಿಗದಿ ಮಾಡಿಕೊಳ್ಳಲು ಬಯಸುವರೆಂದು ಇಟ್ಟುಕೊಳ್ಳೋಣ. ಸಮ್ಮೇಳನದ ವೀಸಾ ಇದೆಯೆಂದ ಮಾತ್ರಕ್ಕೆ ಇದಕ್ಕೆ ಅಡ್ಡಿಯಿಲ್ಲವೆಂದು ಭಾವಿಸಬಾರದು. ಎರಡೂ ಉದ್ದೇಶಗಳಿದ್ದಲ್ಲಿ, ಅತಿಥಿಯು ಅರ್ಜಿ ಹಾಕುವ ಮುನ್ನವೇ ತಮ್ಮ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಅದನ್ನು ತಿಳಿಸಿ, ಯಾವ ವರ್ಗದ ವೀಸಾ ಬೇಕೆಂಬ ಬಗ್ಗೆ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಎಲ್ಲ ದೇಶಗಳ ಪ್ರಜೆಗಳಿಗೂ ಇ-ವೀಸಾ ಲಭ್ಯವಿಲ್ಲವೆಂಬುದನ್ನೂ ಗಮನಿಸಬೇಕು.

2. ಆಹ್ವಾನ ಪತ್ರ

ಪತ್ರವು ಸಂಸ್ಥೆಯ ಶಿರೋನಾಮೆಯುಳ್ಳ ಕಾಗದದಲ್ಲಿರಲಿ. ಪಾಸ್‌ಪೋರ್ಟಿನಲ್ಲಿರುವಂತೆಯೇ ಅತಿಥಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಭೇಟಿಯ ದಿನಾಂಕಗಳು, ಉದ್ದೇಶ, ತಂಗುವ ಸ್ಥಳ ಮತ್ತು ಖರ್ಚು ಯಾರದೆಂಬುದು ಸ್ಪಷ್ಟವಾಗಿರಬೇಕು. ಪರಿಚಯವಿಲ್ಲದವರಿಗೆ, ಮಧ್ಯವರ್ತಿಯ ಮಾತಿನ ಮೇಲೆ ಪತ್ರ ಕೊಡುವುದು ಸಲ್ಲದು. ಸಹಿ ಹಾಕಿದವರೇ ಮುಂದೆ ಉತ್ತರ ಹೇಳಬೇಕಾಗುತ್ತದೆ.

3. ಪ್ರವೇಶದ ವೇಳೆ

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮುದ್ರೆಗಾಗಿ ಎರಡು ಖಾಲಿ ಪುಟಗಳಿರಬೇಕು. ಇ-ವೀಸಾ ಪಡೆದವರು ನಿಗದಿತ ನಿಲ್ದಾಣಗಳ ಮೂಲಕವೇ ಬರಬೇಕು. ಬೆಂಗಳೂರು ಮತ್ತು ಮಂಗಳೂರು ಎರಡೂ ಆ ಪಟ್ಟಿಯಲ್ಲಿವೆ. 2025ರ ಅಕ್ಟೋಬರ್ 1ರಿಂದ ವಿದೇಶೀಯರು ಆಗಮನ ಪತ್ರವನ್ನು ಪ್ರಯಾಣದ ಮುಂಚಿನ 72 ಗಂಟೆಗಳೊಳಗೆ ಗಣಕಜಾಲದ ಮೂಲಕ ತುಂಬುವ ವ್ಯವಸ್ಥೆ ಬಂದಿದೆ.

ಕಾಫಿ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದದ್ದು ಹಳದಿ ಜ್ವರದ ಲಸಿಕೆ. ಬ್ರೆಜಿಲ್, ಕೊಲಂಬಿಯಾ, ಇಥಿಯೋಪಿಯಾ, ಉಗಾಂಡಾ, ಕೀನ್ಯಾ ಮೊದಲಾದ ಪ್ರಮುಖ ಕಾಫಿ ದೇಶಗಳು ಈ ರೋಗದ ಪಟ್ಟಿಯಲ್ಲಿವೆ. ಅಲ್ಲಿಂದ ಬರುವವರು ಕನಿಷ್ಠ ಹತ್ತು ದಿನ ಮೊದಲೇ ಲಸಿಕೆ ಪಡೆದ ಪ್ರಮಾಣಪತ್ರ ತರದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ನಾಲ್ಕು ದಿನಗಳ ಸಮ್ಮೇಳನಕ್ಕೆ ಬಂದವರಿಗೆ ಇದರ ಪರಿಣಾಮವೇನೆಂದು ಹೇಳಬೇಕಾಗಿಲ್ಲ.

ಐದು ಸಾವಿರ ಅಮೆರಿಕನ್ ಡಾಲರಿಗೆ ಮೀರಿದ ನೋಟುಗಳನ್ನು, ಅಥವಾ ಪ್ರವಾಸಿ ಚೆಕ್ಕುಗಳೂ ಸೇರಿ ಹತ್ತು ಸಾವಿರ ಡಾಲರಿಗೆ ಮೀರಿದ ವಿದೇಶೀ ಹಣವನ್ನು ತರುವವರು ಸುಂಕದ ಅಧಿಕಾರಿಗಳಿಗೆ ಘೋಷಿಸಬೇಕು. ಅನುಮತಿಯಿಲ್ಲದೆ ಉಪಗ್ರಹ ದೂರವಾಣಿ ತರುವಂತಿಲ್ಲ.

4. ಆತಿಥ್ಯ ನೀಡುವವರ ಕರ್ತವ್ಯ

ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಬಹುಕಾಲದಿಂದ 'ಫಾರಂ ಸಿ' ಎಂದು ಪರಿಚಿತವಾದ ಈ ವರದಿಯನ್ನು ಈಗ ಗಣಕಜಾಲದ ಮೂಲಕವೇ ಸಲ್ಲಿಸಬಹುದು. ಇದು ಹೋಟೆಲು, ವಸತಿಗೃಹಗಳಿಗೆ ಮಾತ್ರ ಸೀಮಿತವಲ್ಲ. ಅಭಿಮಾನದಿಂದ ಮನೆಯಲ್ಲಿಯೋ ತೋಟದ ಬಂಗಲೆಯಲ್ಲಿಯೋ ಉಳಿಸಿಕೊಂಡವರಿಗೂ ಅನ್ವಯಿಸುತ್ತದೆ.

1946ರ ವಿದೇಶೀಯರ ಕಾಯಿದೆಯೂ ಸೇರಿ ನಾಲ್ಕು ಹಳೆಯ ಕಾಯಿದೆಗಳ ಸ್ಥಾನದಲ್ಲಿ 2025ರ ವಲಸೆ ಮತ್ತು ವಿದೇಶೀಯರ ಕಾಯಿದೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದರೆ ಅಥವಾ ಷರತ್ತು ಮೀರಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ.

5. ಲೆಕ್ಕಪತ್ರದ ಎರಡು ಮಾತು

ಸಮ್ಮೇಳನ ಇಲ್ಲಿ ನಡೆದರೆ ಸೇವೆಯ ಪೂರೈಕೆಯ ಸ್ಥಳವೂ ಇಲ್ಲಿಯದೇ. ಆದುದರಿಂದ ಪ್ರತಿನಿಧಿ ಶುಲ್ಕವನ್ನು ಡಾಲರಿನಲ್ಲಿ ಪಡೆದರೂ ಅದು ರಫ್ತಾಗುವುದಿಲ್ಲ. ತೆರಿಗೆಗೆ ಒಳಪಡುವ ಸಂಘಟಕರು ಅದರ ಮೇಲೆ ಜಿ.ಎಸ್.ಟಿ. ಕಟ್ಟಬೇಕು. ವಿದೇಶೀ ಉಪನ್ಯಾಸಕರಿಗೆ ಗೌರವಧನ ಕೊಡುವುದಿದ್ದರೆ ಮೂಲದಲ್ಲಿ ಆದಾಯ ತೆರಿಗೆ ಕಡಿತದ ಪ್ರಶ್ನೆಯನ್ನು ಹಣ ಕಳುಹಿಸುವ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು.

ಕೊನೆಯದಾಗಿ, ಆಹ್ವಾನ ಪತ್ರ, ವೀಸಾ ಮತ್ತು ಪಾಸ್‌ಪೋರ್ಟಿನ ಪ್ರತಿ, ವಸತಿ ವರದಿಯ ಸ್ವೀಕೃತಿ ಇವಿಷ್ಟನ್ನು ಪ್ರತಿಯೊಬ್ಬ ಅತಿಥಿಗೂ ಪ್ರತ್ಯೇಕ ಕಡತದಲ್ಲಿಡುವ ಪದ್ಧತಿ ಇಟ್ಟುಕೊಂಡರೆ, ವಿಚಾರಣೆ ಬಂದಾಗ ಹುಡುಕಾಡುವ ಪ್ರಮೇಯ ಒದಗುವುದಿಲ್ಲ. ಇ-ವೀಸಾ ನಿಯಮಗಳು ಮಧ್ಯೆ ಮಧ್ಯೆ ಬದಲಾಗುವುದರಿಂದ, ಪತ್ರ ಕಳುಹಿಸುವ ದಿನ ಸರ್ಕಾರದ ಅಧಿಕೃತ ಜಾಲತಾಣವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.